ಅಕ್ಕನ ಎಡಗೈ

ನನ್ನದು ಸುಮ್ಮನಿರುವ ಬಾಯಲ್ಲ. ಮಸ್ಕಿಯ ತವರಿನಲ್ಲಿ ನಮ್ಮವ್ವ ದಿನಕ್ಕೆ ಹತ್ತು ಸಲ "ಬಾಯಿ ಮುಚ್ಚ ಬೇ" ಅನ್ನುತ್ತಿದ್ದಳು. ಮದುವೆಯಾಗಿ ಸಿಂಧನೂರಿಗೆ ಹೊರಟ ದಿನ ಬಂಡಿ ಹತ್ತಿಸುತ್ತಾ ಕಿವಿಯಲ್ಲಿ ಹೇಳಿದ್ದೂ ಅದನ್ನೇ: "ಅಲ್ಲಿ ಅತ್ತಿ ಮುಂದ ಎದುರು ಮಾತಾಡಬ್ಯಾಡ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ನೆನಪಿಟ್ಟುಕೋ." ಹೂಂ ಅಂದೆ. ಬಂಡಿ ಹಳ್ಳ ದಾಟುವಷ್ಟರಲ್ಲಿ ಗಂಡನ ಕಡೆಯ ಮುದುಕಿಯೊಬ್ಬಳ ಜೊತೆ ಮಸ್ಕಿಯ ನೀರು ಸಿಹಿಯೋ ಸಿಂಧನೂರಿನ ನೀರು ಸಿಹಿಯೋ ಎಂದು ವಾದಕ್ಕೆ ಬಿದ್ದಿದ್ದೆ. ಈಗಲೂ ಮೊಮ್ಮಕ್ಕಳು ನನ್ನ ಮಾತಿಗೆ ನಗುತ್ತಾರೆ. ಈ ಬಾಯಿಂದ ಬಂದ ಒಂದು ಸಣ್ಣ ಮಾತು ಏನು ಮಾಡಿತೆಂದು ಅವರಿಗೆ ನಾನು ಹೇಳಿಲ್ಲ.

ರಜಾಕಾರರ ಗದ್ದಲ ಮುಗಿದ ಮರುವರ್ಷ, 1949ರಲ್ಲಿ, ನಾನು ಆ ಮನೆ ಸೇರಿದೆ. ಮಾವ ತೀರಿಹೋಗಿದ್ದರು. ಅತ್ತೆ, ಗಂಡನ ಅಣ್ಣ ಅಂದರೆ ಭಾವ, ಭಾವನ ಹೆಂಡತಿ, ನಾವಿಬ್ಬರು, ಇಷ್ಟೇ ಜನ. ಅಣ್ಣತಮ್ಮಂದಿರಿಗೆ ಬಜಾರಿನಲ್ಲಿ ಬಟ್ಟೆಯ ಅಂಗಡಿ ಇತ್ತು. ಭಾವನ ಹೆಂಡತಿ ನನಗೆ ನೆಗೆಣ್ಣಿ, ಆದರೆ ಕರೆಯುತ್ತಿದ್ದುದು ಅಕ್ಕ ಎಂದು. ಲಿಂಗಸುಗೂರಿನ ಹುಡುಗಿ. ಆಗ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು.

ಆಕೆ ರೊಟ್ಟಿ ಬಡಿಯುವುದನ್ನು ನಾನು ಮೊದಲ ದಿನ ಬಾಯಿ ತೆರೆದು ನೋಡಿದೆ. ಬಲಗೈ ಹಲಗೆಯ ಮೇಲೆ ಜೋಳದ ರೊಟ್ಟಿ ಬಡಿಯುತ್ತಿತ್ತು, ಎಡಗೈ ಅದನ್ನು ತಿರುಗಿಸುತ್ತಿತ್ತು, ನಡುವೆ ಅದೇ ಎಡಗೈ ಹೋಗಿ ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಬರುತ್ತಿತ್ತು. ಬಾಯಿ ಮಾತ್ರ ಲಿಂಗಸುಗೂರಿನ ಯಾವುದೋ ಮದುವೆಯಲ್ಲಿ ಬೀಗರು ಮುನಿಸಿಕೊಂಡ ಕತೆ ಹೇಳುತ್ತಿತ್ತು. ಕತೆಯ ನಡುವೆಯೇ ಅಂಗಳದ ಜೋಳಕ್ಕೆ ಬಂದ ಕೋಳಿಗೆ "ಹುಶ್" ಅನ್ನುವಳು, ಕತೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹಿಡಿಯುವಳು. ನಾನು ನಕ್ಕು ಒಂದು ಮಾತು ಸೇರಿಸುವಷ್ಟರಲ್ಲಿ ನನ್ನ ರೊಟ್ಟಿ ಹರಿದು ಎರಡು ಹೋಳಾಗುತ್ತಿತ್ತು.

"ನಿನಗ ದೇವರು ಬಾಯಿ ದೊಡ್ಡದು ಕೊಟ್ಟು ಕೈ ಕೊಡೂದು ಮರ್ತಾನ ನೋಡು," ಎಂದು ಆಕೆ ಚೇಷ್ಟೆ ಮಾಡುತ್ತಿದ್ದಳು. ಅತ್ತೆಗೆ ದೊಡ್ಡ ಸೊಸೆ ಅಂದರೆ ಹೆಮ್ಮೆ. ಬಂದವರಿಗೆಲ್ಲ, "ನಮ್ಮ ದೊಡ್ಡಾಕಿ ನಾಕು ಕೆಲಸ ಒಮ್ಮೆಗೇ ಮಾಡ್ತಾಳ. ಸಣ್ಣಾಕಿ ಒಂದೂ ಮಾಡೂದಿಲ್ಲ, ಆದ್ರ ಎಲ್ಲಾದ್ರ ಬಗ್ಗೆನೂ ಮಾತಾಡ್ತಾಳ," ಅನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಅಕ್ಕ ಹಿತ್ತಲಲ್ಲಿ ನನ್ನ ಗಲ್ಲ ಹಿಂಡಿ ಆ ಸಿಟ್ಟನ್ನು ಇಳಿಸುತ್ತಿದ್ದಳು.

ಮೊದಲು ಕೆಟ್ಟದ್ದು ಕಣ್ಣು. ಒಂದು ಬೇಸಿಗೆಯಲ್ಲಿ ಅಕ್ಕನ ಒಂದು ಕಣ್ಣಿಗೆ ಮಂಜು ಕವಿದಂತಾಯಿತು. ಕಣ್ಣು ತಿರುಗಿಸಿದರೆ ಒಳಗೆ ನೋವು ಅಂದಳು. ಏನೇನೋ ಔಷಧಿ ಬಿಟ್ಟರು, ತಿಂಗಳೊಪ್ಪತ್ತಿನಲ್ಲಿ ತಾನಾಗಿಯೇ ಸರಿಯಾಯಿತು. ಉರಿಬಿಸಿಲಿನ ತಾಪ ಎಂದು ಎಲ್ಲರೂ ಮರೆತುಬಿಟ್ಟೆವು.

ಆಮೇಲೆ ಒಂದು ವರ್ಷ ಕಳೆದಿರಬೇಕು. ನಾವಿಬ್ಬರೂ ಬೀಸುಕಲ್ಲಿಗೆ ಎದುರುಬದುರು ಕೂತಿದ್ದೆವು. ಒಂದೇ ಗೂಟವನ್ನು ಇಬ್ಬರೂ ಹಿಡಿದು ತಿರುಗಿಸುವುದು, ಆಕೆ ಪದ ಎತ್ತುವುದು, ನಾನು ಹಿಂದಿನಿಂದ ಹಾಡುವುದು ರೂಢಿ. ಪದವಿಲ್ಲದೆ ಬೀಸುವುದು ನಮ್ಮ ಕಡೆ ಸೂತಕದ ಮನೆಯಲ್ಲಿ ಮಾತ್ರ. ಅವತ್ತು ಆಕೆ ಪದ ಎತ್ತಿ ಎರಡನೆಯ ಸಾಲಿಗೆ ಬಂದಾಗ ಆಕೆಯ ಎಡಗೈ ಗೂಟದಿಂದ ಜಾರಿತು. ಕಲ್ಲು ನನ್ನ ಕಡೆಗೆ ಜಗ್ಗಿತು. ಮತ್ತೆ ಹಿಡಿದಳು, ಮತ್ತೆ ಹಾಡಿದಳು, ಮತ್ತೆ ಜಾರಿತು. ಮೂರನೆಯ ಸಲ ಹಾಡಲಿಲ್ಲ. ಸುಮ್ಮನೆ ಬೀಸಿದಳು. ಕೈ ಗೂಟದ ಮೇಲೆ ಸರಿಯಾಗಿ ನಿಂತಿತು.

"ಪದ ಯಾಕ ಬಿಟ್ಟಿ ಅಕ್ಕಾ?" ಅಂದೆ.

"ಗಂಟಲು ಕಟ್ಟೈತಿ," ಅಂದಳು. ಅಷ್ಟು ಹೇಳುವಾಗಲೂ ಕೈ ಸಡಿಲಾದದ್ದನ್ನು ನಾನು ಕಂಡೆ. ಕಂಡೆ, ಆದರೆ ತಿಳಿಯಲಿಲ್ಲ.

ಅವತ್ತಿನಿಂದ ಅಕ್ಕ ಕೆಲಸದ ಹೊತ್ತಿನಲ್ಲಿ ಮಾತು ಬಿಟ್ಟಳು. ರೊಟ್ಟಿ ಬಡಿಯುವಾಗ ಕತೆ ಇಲ್ಲ, ಬೀಸುವಾಗ ಪದ ಇಲ್ಲ, ನೀರು ಸೇದುವಾಗ ನೆರೆಯವರು ಕರೆದರೂ ಓ ಅನ್ನುವುದಿಲ್ಲ. ನಮ್ಮ ಕಡೆ ಅಡಿಗೆಮನೆಯಲ್ಲಿ ಸೊಸೆ ಮಾತು ಬಿಟ್ಟರೆ ಅದಕ್ಕೆ ಒಂದೇ ಅರ್ಥ: ಒಲೆ ಬೇರೆ ಮಾಡಬೇಕೆಂದು ಮನಸ್ಸಿನಲ್ಲಿದೆ. ಅತ್ತೆ ಎರಡು ವಾರ ನೋಡಿದರು. ಒಂದು ಬೆಳಿಗ್ಗೆ ತಡೆಯಲಾರದೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

"ಬಾಯಿ ಯಾಕ ಕಟ್ಟೀಯಬೇ? ಬ್ಯಾರೆ ಆಗಬೇಕಂತ ಮಾಡೀಯೇನು? ಹಂಗಿದ್ರ ಬಾಯಿಬಿಟ್ಟು ಹೇಳು. ನಾ ಸತ್ತಮ್ಯಾಲೆ ಆಗೂದು ಈಗ ಆಗಲಿ."

ಅಕ್ಕನ ಕೈಯಲ್ಲಿ ಹಸಿ ರೊಟ್ಟಿ ಇತ್ತು. ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ತಿರುಗಿ, "ಇಲ್ಲರೀ ಅತ್ತಿ," ಅಂದಳು. ಅಷ್ಟರಲ್ಲಿ ಅತ್ತೆ ಹೋಗಿಯಾಗಿತ್ತು. ಕೇಳಿದ ಮಾತಿಗೆ ತಡವಾಗಿ ಬಂದ ಉತ್ತರ ಸುಳ್ಳಿನ ಉತ್ತರ ಎಂದು ಅತ್ತೆಯ ಲೆಕ್ಕ. ಅಂದಿನಿಂದ ಆ ಮನೆಯಲ್ಲಿ ಹೆಮ್ಮೆಯ ಸೊಸೆ ಗುಮ್ಮನಗುಸುಕಿ ಆದಳು, ಬಾಯಿಬಡುಕಿಯಾದ ನಾನು ಒಳ್ಳೆಯವಳಾದೆ. ನನ್ನ ಬಾಯಿಗೆ ಬೆಂಕಿ ಹಾಕ, ಅದು ನನಗೆ ಸ್ವಲ್ಪ ಹಿತವಾಗಿಯೇ ಇತ್ತು.

ಆದರೂ ಎಷ್ಟು ದಿನ ಸುಮ್ಮನಿರಲಿ? ಹಿತ್ತಲಲ್ಲಿ ಶೇಂಗಾ ಸುಲಿಯುತ್ತಾ ಕೂತ ಒಂದು ಮಧ್ಯಾಹ್ನ ಜಗಳಕ್ಕೇ ನಿಂತೆ. "ನಾ ಏನು ತಪ್ಪು ಮಾಡೀನಿ ಹೇಳು. ನನ್ನ ಕೂಡ ಯಾಕ ಮಾತು ಬಿಟ್ಟಿ?"

ಅಕ್ಕ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. ಬಾಗಿಲ ಕಡೆ ನೋಡಿ, ಅತ್ತೆ ಮಲಗಿದ್ದಾರೆಂದು ಖಾತ್ರಿ ಮಾಡಿಕೊಂಡು, "ಮಾತಾಡಬ್ಯಾಡ, ಬರೇ ನೋಡು," ಅಂದಳು.

ಎಡಗೈಯಿಂದಲೇ ಒಂದು ಶೇಂಗಾ ಎತ್ತಿದಳು. ಒಡೆದಳು, ಕಾಳು ಮೊರಕ್ಕೆ ಹಾಕಿದಳು. ಇನ್ನೊಂದು, ಮತ್ತೊಂದು. ಹತ್ತಿಪ್ಪತ್ತು ಆದವು, ಒಂದೂ ತಪ್ಪಲಿಲ್ಲ.

"ಈಗ ಏನರ ಕೇಳು."

"ನಿಮ್ಮ ತವರಮನಿಯಾಗ ಎಮ್ಮಿ ಎಷ್ಟು ಅದಾವು?" ಅಂದೆ.

"ಮೂರು... ಅಲ್ಲ, ಒಂದು ಹೋದ ವರ್ಷ..." ಅನ್ನುವಷ್ಟರಲ್ಲಿ ಬೆರಳುಗಳ ನಡುವಿನ ಶೇಂಗಾ ಕೆಳಗೆ ಬಿತ್ತು. ಎತ್ತಿಕೊಳ್ಳಲು ಹೋದಳು. "ಒಂದು ಮಾರಿದ್ರು, ಎರಡು..." ಬೆರಳು ಶೇಂಗಾದ ಪಕ್ಕದ ಮಣ್ಣನ್ನು ಕೆರೆಯಿತು. ಮಾತು ನಿಲ್ಲಿಸಿದಳು. ಬೆರಳು ಶೇಂಗಾ ಹಿಡಿಯಿತು.

ನಾನು ನಗಲು ಹೋದೆ, ತಮಾಷೆ ಅಂದುಕೊಂಡೆ. ಆಕೆಯ ಮುಖ ನೋಡಿ ನಗು ಬಿಟ್ಟು ಹತ್ತಿರ ಸರಿದೆ.

"ಮಾತು ಬಂದ್ರ ಕೈ ಹೋಗ್ತೈತಿ, ಕೈ ಬಂದ್ರ ಮಾತು ಹೋಗ್ತೈತಿ," ಅಂದಳು. "ಎರಡೂ ಕೂಡಿ ಬರವಲ್ವು, ತಂಗಿ. ಒಂದೊಂದ ಬಂದ್ರ ಇನ್ನೂ ಬರ್ತಾವ. ಬಿಸಿನೀರಿಂದ ಜಳಕ ಮಾಡಿದ ಮ್ಯಾಲಂತೂ ಈ ಕೈ ನಂದಲ್ಲ ಅನಸ್ತೈತಿ."

"ಭಾವಗ ಹೇಳಿಲ್ಲೇನು?"

"ಹೇಳಿದ್ರ ಅತ್ತಿಗೆ ಗೊತ್ತಾಗ್ತೈತಿ. ಗೊತ್ತಾದ್ರ ಮೊದಲ ಕೇಳೂದು ಏನು ಹೇಳು? ಈ ಕೈಯಾಗ ಲಿಂಗ ಹೆಂಗ ಹಿಡೀತಿ ಅಂತ ಕೇಳ್ತಾರ."

ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಹೆಣ್ಣಾಗಲಿ ಗಂಡಾಗಲಿ ಬೆಳಿಗ್ಗೆ ಜಳಕ ಮಾಡಿ, ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯ ಮೇಲೆ ಇಟ್ಟುಕೊಳ್ಳಬೇಕು. ಬಲಗೈಯಿಂದ ನೀರು ಎರೆದು, ವಿಭೂತಿ ಧರಿಸಿ, ಹೂವು ಪತ್ರೆ ಏರಿಸಬೇಕು. ಅಷ್ಟೂ ಹೊತ್ತು ಬಾಯಲ್ಲಿ ಮಂತ್ರ ನಡೆಯಬೇಕು. ಅದಾಗದೆ ಒಂದು ಗುಟುಕು ನೀರೂ ಇಲ್ಲ. ಲಿಂಗ ನೆಲಕ್ಕೆ ಬಿದ್ದರೆ ಪ್ರಾಣ ಬಿದ್ದಂತೆ ಎಂದು ಹಿರಿಯರು ಹೇಳುತ್ತಿದ್ದರು. ಹಾಗೇನಾದರೂ ಆದರೆ ಮಠದ ಅಯ್ಯನವರು ಬಂದು ಬೇರೆ ಲಿಂಗ ಕಟ್ಟುವವರೆಗೆ ಆ ಮನುಷ್ಯ ಅನ್ನನೀರು ಮುಟ್ಟುವಂತಿಲ್ಲ. ಅಂಥ ಮನುಷ್ಯನ ಹೆಸರನ್ನು ಊರು ಬಹಳ ದಿನ ಬಿಡುವುದಿಲ್ಲ.

"ಮತ್ತ ದಿನಾ ಹೆಂಗ ಮಾಡಾಕತ್ತೀ?"

"ಮಂತ್ರ ಮನಸ್ಸಿನಾಗ ಹೇಳ್ತೀನಿ. ಶಿವಗ ಕೇಳಸ್ತೈತಿ. ಅತ್ತಿಗೆ ಕೇಳಸೂದಿಲ್ಲ, ಅದ ನನ್ನ ಭಯ." ಎಡಗೈಯನ್ನು ಮಡಿಲಿಗೆ ಎಳೆದುಕೊಂಡು, "ನನಗ ಯಾವುದೂ ಬ್ಯಾಡ. ಕೈ ಹೋಗಲಿ, ಬಾಯಿ ಹೋಗಲಿ. ಲಿಂಗ ಒಂದು ಬೀಳಬಾರದು," ಅಂದಳು. ಕೊರಳ ಕರಡಿಗೆ ಮುಟ್ಟಿ ಯಾರಿಗೂ ಹೇಳುವುದಿಲ್ಲವೆಂದು ನನ್ನಿಂದ ಆಣೆ ಮಾಡಿಸಿಕೊಂಡಳು.

ಅಂದಿನಿಂದ ನಾನು ಕಾವಲು ನಿಂತೆ. ದೇವರ ಕೋಣೆಯಲ್ಲಿ ಅಕ್ಕ ಪೂಜೆಗೆ ಕೂತರೆ ಬಾಗಿಲಿಗೂ ಆಕೆಗೂ ನಡುವೆ ನಾನು ಕೂರುತ್ತಿದ್ದೆ. ಯಾರೂ ಆಕೆಯನ್ನು ಮಾತಾಡಿಸಬಾರದು, ಅಷ್ಟೇ ನನ್ನ ಕೆಲಸ. ಅತ್ತೆ ಏನಾದರೂ ಕೇಳಲು ಬಂದರೆ ನಾನೇ ಬಾಯಿ ಹಾಕುತ್ತಿದ್ದೆ. ಬೇಳೆ ಎಲ್ಲಿಟ್ಟಿದೆ, ಅಗಸನಿಗೆ ಎಷ್ಟು ಸೀರೆ ಹೋಗಿವೆ, ಎಲ್ಲಕ್ಕೂ ನನ್ನ ಹತ್ತಿರ ಉತ್ತರ ಇರುತ್ತಿತ್ತು, ಗೊತ್ತಿಲ್ಲದಿದ್ದರೆ ಹುಟ್ಟಿಸಿ ಹೇಳುತ್ತಿದ್ದೆ. ಅಕ್ಕ ತಣ್ಣೀರಿನ ಜಳಕ ಶುರುಮಾಡಿದಳು. ಕೇಳಿದವರಿಗೆ "ಹರಕೆ" ಎಂದು ನಾನೇ ಹೇಳಿದೆ. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಅನ್ನುತ್ತಾರಲ್ಲ, ನನ್ನ ಬಾಯಿಂದ ಇಬ್ಬರು ಬದುಕಿದ್ದೇವೆ ಎಂದು ನನಗೆ ಒಳಗೊಳಗೇ ಹಮ್ಮು.

ಹೀಗೆ ಒಂದು ವರ್ಷದ ಮೇಲೆ ನಡೆಯಿತು. ಆಮೇಲೆ ಭಾವನಿಗೆ ಊಟಕ್ಕೆ ಬಡಿಸುವಾಗ, ಅವರು ಏನೋ ಕೇಳಿ ಆಕೆ ಉತ್ತರ ಕೊಡಲು ಹೋಗಿ, ನೀರು ತುಂಬಿದ ತಂಬಿಗೆ ಅವರ ಕಾಲ ಮೇಲೆ ಬಿತ್ತು. ಭಾವ ಬೈಯಲಿಲ್ಲ, ಗಾಬರಿಯಾದರು. "ನಿನ್ನ ಕೈಗೆ ಏನಾಗೈತಿ?" ಎಂದು ಕೇಳಿದರು. ಮರುದಿನವೇ ಲಿಂಗಸುಗೂರಿನ ದವಾಖಾನೆಗೆ ಕರೆದುಕೊಂಡು ಹೊರಟರು. ಆಕೆಗೆ ಜೊತೆಯೆಂದು ನಾನೂ ಮೋಟಾರು ಹತ್ತಿದೆ.

ಮಸ್ಕಿ ದಾಟುವಾಗ ನಮ್ಮ ತವರಿನ ಓಣಿ ಕಂಡಿತು, ಇಳಿಯಲಿಲ್ಲ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ಡಾಕ್ಟರರು ಕಂಡುಹಿಡಿದರೆ ಸಾಕು, ಔಷಧಿ ಕೊಟ್ಟರೆ ಸಾಕು. ಆಣೆಯೂ ಮುರಿಯುವುದಿಲ್ಲ, ಕೈಯೂ ಉಳಿಯುತ್ತದೆ.

ಡಾಕ್ಟರು ಒಳ್ಳೆಯ ಮನುಷ್ಯ. ಉರ್ದು ಬೆರೆತ ಕನ್ನಡದಲ್ಲಿ ನಿಧಾನವಾಗಿ ಹೇಳಿದರು. "ಕೈ ಮ್ಯಾಲೆ ಎತ್ತಮ್ಮಾ." ಎತ್ತಿದಳು. "ಕಣ್ಣು ಮುಚ್ಚಿ ಮೂಗು ಮುಟ್ಟು." ಮುಟ್ಟಿದಳು. "ನನ್ನ ಬೆರಳು ಜೋರಿಂದ ಹಿಡಿ." ಹಿಡಿದಳು. ಮೇಜಿನ ಮೇಲಿನ ಗುಂಡಿಯನ್ನು ಎತ್ತಿಕೊಡು ಅಂದರು, ಎತ್ತಿಕೊಟ್ಟಳು. ಅಷ್ಟೂ ಹೊತ್ತು ಡಾಕ್ಟರು ಒಂದು ಮಾತು ಹೇಳಿ ಸುಮ್ಮನಾಗುತ್ತಿದ್ದರು, ಆಕೆ ತುಟಿ ಬಿಗಿದು ಒಂದೇ ಕೆಲಸ ಮಾಡುತ್ತಿದ್ದಳು. ಒಂದೇ ಕೆಲಸಕ್ಕೆ ಆ ಕೈ ಸಾಕಾಗುತ್ತಿತ್ತು.

ನನ್ನ ನಾಲಿಗೆಯ ತುದಿಯಲ್ಲಿ ಮಾತು ಇತ್ತು. ಮಾತಾಡಿಸಿ ನೋಡ್ರೀ ಸಾಹೇಬ್ರ, ಎಮ್ಮಿ ಎಷ್ಟು ಅದಾವು ಕೇಳ್ರೀ, ಅಷ್ಟೇ ಹೇಳಬೇಕಿತ್ತು. ಆದರೆ ಎದುರಿಗೆ ಭಾವ ನಿಂತಿದ್ದರು. ತಮ್ಮನ ಹೆಂಡತಿ ಭಾವನ ಎದುರು ಬಾಯಿ ಬಿಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಮದುವೆಯಾಗಿ ಮೂರು ವರ್ಷವಾದರೂ ಭಾವ ನನ್ನ ದನಿಯನ್ನು ಗೋಡೆಯಾಚೆಯಿಂದಷ್ಟೇ ಕೇಳಿದ್ದರು. ಸೆರಗಿನೊಳಗಿಂದ ಅಕ್ಕನ ಕಡೆ ನೋಡಿದೆ. ಆಕೆ ಕರಡಿಗೆಯ ಮೇಲೆ ಕೈಯಿಟ್ಟುಕೊಂಡಳು. ಆಣೆಯನ್ನು ನೆನಪಿಸಿದಳು. ಊರೆಲ್ಲ ತಿರುಗಿ ಮಾತಾಡುವ ನಾನು ಅಲ್ಲಿ ಕಂಬದಂತೆ ನಿಂತೆ.

"ಕೈ ಠೀಕ್ ಐತಿ," ಅಂದರು ಡಾಕ್ಟರು. "ಕಮ್ಜೋರಿ, ನಿಶ್ಶಕ್ತಿ ಅಷ್ಟೇ. ಟಾನಿಕ್ ಕೊಡ್ತೀನಿ. ಚಂದಂಗ ಊಟ ಮಾಡು, ಎಣ್ಣಿ ಹಚ್ಚಿ ಬಿಸಿನೀರಿಂದ ಜಳಕ ಮಾಡು."

ಇದಾಗಿ ಎಷ್ಟೋ ದಶಕಗಳ ಮೇಲೆ, ನನ್ನ ಮೊಣಕಾಲು ನೋಡುತ್ತಿದ್ದ ರಾಯಚೂರಿನ ವೈದ್ಯೆಯೊಬ್ಬಳಿಗೆ ಮಾತಿಗೆ ಮಾತು ಬಂದು ಅಕ್ಕನ ಕತೆ ಹೇಳಿದೆ. ಆ ಹುಡುಗಿ ಬರೆಯುವುದನ್ನು ನಿಲ್ಲಿಸಿ ಕೇಳಿದಳು. ಕಣ್ಣಿನ ವಿಷಯ, ಬಿಸಿನೀರಿನ ವಿಷಯ ಎರಡೆರಡು ಸಲ ಕೇಳಿದಳು. ನೋಡದ ರೋಗಿಗೆ ಹೆಸರು ಇಡಬಾರದು, ಆದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದಿರಬಹುದು ಅಂದಳು. ತಂತಿಯ ಮೇಲಿನ ರಬ್ಬರು ಅಲ್ಲಲ್ಲಿ ಸವೆದಂತೆ ನರದ ಮೇಲಿನ ಹೊದಿಕೆ ಸವೆಯುತ್ತದಂತೆ. ಅಂಥವರಲ್ಲಿ ಮಿದುಳು ಒಂದು ಕೆಲಸವನ್ನು ಹೇಗೋ ಸಂಭಾಳಿಸುತ್ತದೆ, ಎರಡು ಒಟ್ಟಿಗೆ ಕೊಟ್ಟರೆ ಕೈ ಸೋಲುತ್ತದೆ. ಒಂದೊಂದೇ ಮಾಡಿಸಿ ಪರೀಕ್ಷಿಸಿದರೆ ಸರಿಯಿದ್ದಂತೆಯೇ ಕಾಣುತ್ತದೆ. ಶಾಖ ತಾಗಿದರೆ ಇನ್ನೂ ಹೆಚ್ಚುತ್ತದೆ. "ಆ ಕಾಲದಲ್ಲಿ ಗೊತ್ತಾಗಿದ್ದರೂ ಮಾಡುವಂಥದ್ದು ಏನೂ ಇರಲಿಲ್ಲ ಅಜ್ಜಿ," ಎಂದು ನನ್ನ ಕೈ ಹಿಡಿದುಕೊಂಡಳು. ಸಮಾಧಾನಕ್ಕೆ ಹೇಳಿದ್ದು, ಒಳ್ಳೆಯ ಹುಡುಗಿ. ನನಗೆ ಸಮಾಧಾನವಾಗಲಿಲ್ಲ.

ಊರಿಗೆ ಬಂದ ಮೇಲೆ ಅತ್ತೆ ಪೂರಾ ಬದಲಾದರು. ಸೊಸೆಗೆ ಗರ್ವ ಅಂದುಕೊಂಡಿದ್ದೆ, ಪಾಪ ಕಮ್ಜೋರಿಯಂತೆ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ದಿನ ಬೆಳಗಾದರೆ ತಾವೇ ಬಚ್ಚಲ ಒಲೆಗೆ ಉರಿ ಹಾಕುವರು, ಕೊಬ್ಬರಿ ಎಣ್ಣೆ ತಿಕ್ಕುವರು, ಹಂಡೆಯ ಕುದಿನೀರನ್ನು ತಾವೇ ಎರೆಯುವರು. ಡಾಕ್ಟರು ಹೇಳಿದ ಮೇಲೆ ಹರಕೆಯ ನೆಪವೂ ನಡೆಯಲಿಲ್ಲ. ಬಚ್ಚಲಿನಿಂದ ಅಕ್ಕ ಗೋಡೆ ಹಿಡಿದು ಹೊರಗೆ ಬರುತ್ತಿದ್ದಳು. ಹಾಗೆ ಬಂದು ನೇರ ಪೂಜೆಗೆ ಕೂರಬೇಕು. ಅತ್ತೆ ಅಷ್ಟು ಪ್ರೀತಿಯಿಂದ ಮಾಡುತ್ತಿದ್ದರು, ಅವರನ್ನು ಏನೆಂದು ತಡೆಯುವುದು? ನೀರು ಎರೆಯುವ ಸದ್ದು ಕೇಳಿದಾಗಲೆಲ್ಲ ನಾನು ಹಿತ್ತಲಲ್ಲಿ ಹಲ್ಲು ಕಚ್ಚಿ ನಿಲ್ಲುತ್ತಿದ್ದೆ.

1953ರ ಶ್ರಾವಣ. ಕಾಲುವೆ ಅಗೆಯುವ ಕೂಲಿಯವರಿಂದ ಊರ ಹೊರಗೆಲ್ಲ ಗುಡಿಸಲು ತುಂಬಿದ್ದ ಕಾಲ. ನನ್ನ ಮೊದಲ ಕೂಸು ಎದೆಹಾಲು ಕುಡಿಯುತ್ತಿತ್ತು. ಒಂದು ಸೋಮವಾರ ಮಠದ ಅಯ್ಯನವರು ಮನೆಗೆ ಬರುವವರಿದ್ದರು. ಅತ್ತೆ ಹಿಂದಿನ ದಿನವೇ ಹೇಳಿದರು: "ನಾಳೆ ಮೂರೂ ಮಂದಿ ಅಯ್ಯನವರ ಮುಂದ ಕೂತು ಪೂಜಿ ಮಾಡೂಣು. ಅವರು ಹೇಳಿಕೊಡ್ತಾರ, ನಾವು ಬಾಯಿಬಿಟ್ಟು ಹೇಳಬೇಕು. ಮನಸ್ಸಿನಾಗ ಗುಣುಗುಣು ಮಾಡೂದಲ್ಲ."

ಅಕ್ಕ ನನ್ನ ಕಡೆ ನೋಡಿದಳು. ಕೋಣೆಗೆ ಹೋದ ಮೇಲೆ, "ನಾಳೆ ಬೀಳ್ತೈತಿ, ತಂಗಿ," ಅಂದಳು.

"ಬೀಳೂದಿಲ್ಲ. ನೀ ಬರೇ ತುಟಿ ಆಡಸು. ನಿನ್ನ ಪಾಲಿಂದೂ ನಾನ ಹೇಳ್ತೀನಿ. ನನ್ನ ದನಿ ಮುಂದ ಯಾರ ದನಿ ಕೇಳಸ್ತೈತಿ?"

ಅಕ್ಕ ಬಹಳ ದಿನದ ಮೇಲೆ ನಕ್ಕಳು.

ಸೋಮವಾರ ಬೆಳಿಗ್ಗೆ ಅಯ್ಯನವರು ಮಣೆಯ ಮೇಲೆ ಕೂತರು. ಎದುರಿಗೆ ಅತ್ತೆ, ಅಕ್ಕ, ನಾನು ಸಾಲಾಗಿ ಕೂತೆವು. ಕರಡಿಗೆ ಬಿಚ್ಚಿದೆವು. ಅಯ್ಯನವರು ಹೇಳಿದಂತೆ ನಾನು ಗಂಟಲು ಹರಿಯುವಂತೆ ಹೇಳಿದೆ. ಅತ್ತೆ ಒಂದು ಸಲ ತಿರುಗಿ ನೋಡಿದರು, "ಸಾವಕಾಶ ಬೇ," ಎಂದು ಪಿಸುಗುಟ್ಟಿದರು. ನಾನು ಇನ್ನೂ ಜೋರು ಮಾಡಿದೆ. ಓರೆಗಣ್ಣಲ್ಲಿ ಅಕ್ಕನ ಕೈಯನ್ನೇ ನೋಡುತ್ತಿದ್ದೆ. ಮೊಣಕೈಯನ್ನು ತೊಡೆಗೆ ಊರಿ, ಬೆರಳುಗಳನ್ನು ಬಟ್ಟಲು ಮಾಡಿ ಹಿಡಿದಿದ್ದಳು. ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ನೀರು ಎರೆದಳು. ವಿಭೂತಿ ಹಚ್ಚಿದಳು. ಹೂವು ಏರಿಸಿದಳು. ಲಿಂಗ ಅಂಗೈಯಲ್ಲಿ ಸ್ಥಿರವಾಗಿತ್ತು.

ಮಂತ್ರ ಮುಗಿಯಿತು. ಅಯ್ಯನವರು ಕಣ್ಣು ಮುಚ್ಚಿ ಕೂತರು. ಇನ್ನು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಗೆ ಇಡುವುದಷ್ಟೇ ಬಾಕಿ. ಅಕ್ಕ ವಸ್ತ್ರಕ್ಕೆ ಬಲಗೈ ಚಾಚಿದಳು. ಗೆದ್ದೆವು ಎಂದು ನನ್ನ ಎದೆ ಹಗುರಾಯಿತು. ಆಗ ಅಡಿಗೆಮನೆಯಿಂದ ಹಾಲು ಸೀದ ವಾಸನೆ ಬಂತು. ಅಯ್ಯನವರ ಪ್ರಸಾದಕ್ಕೆಂದು ಇಟ್ಟಿದ್ದ ಹಾಲು.

"ಅಕ್ಕಾ, ಹಾಲು ಇಳಿಸೀಯೇನು?" ಅಂದೆ.

ಎರಡು ವರ್ಷ ಊರವರ ಬಾಯಿಗೆಲ್ಲ ಅಡ್ಡ ಕೂತವಳು ನಾನು. ಆಕೆಯನ್ನು ಮಾತಾಡಿಸಬೇಡಿ ಎಂದು ನಾಯಿ ಕಾಯುವಂತೆ ಕಾದವಳು ನಾನು. ಕೇಳಿದವಳೂ ನಾನೇ.

ಅಕ್ಕ ನನ್ನ ಕಡೆ ಮುಖ ತಿರುಗಿಸಿದಳು. ಉತ್ತರ ಕೊಡಲು ಬಾಯಿ ತೆರೆದಳು. ಎಡಗೈಯ ಬೆರಳು ಬಿಚ್ಚಿಕೊಂಡವು. ಸಣ್ಣ ಸದ್ದು. ಬಂಡೆಗಲ್ಲಿನ ನೆಲದ ಮೇಲೆ ಲಿಂಗ ಒಂದು ಸುತ್ತು ಉರುಳಿ ಅಯ್ಯನವರ ಮಣೆಗೆ ತಾಗಿ ನಿಂತಿತು.

ಅತ್ತೆ ಕೂಗಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಯ್ಯನವರು ಕಣ್ಣು ತೆರೆದು, ಬಗ್ಗಿ ನೋಡಿ, ಅಂಚು ಮುಕ್ಕಾಗಿದೆ ಅಂದರು. "ಹೆಂಗ ಬಿತ್ತವ್ವಾ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

ನಾ ಮಾತಾಡಿಸಿದ್ದಕ್ಕ ಬಿತ್ತರೀ ಅಯ್ಯನವರ, ಆಕಿ ತಪ್ಪಲ್ಲ ಎಂದು ನಾನು ಹೇಳಬೇಕಿತ್ತು. ಬಾಯಿ ಬರಲಿಲ್ಲ. ನಿಜವಾಗಿ ಬರಲಿಲ್ಲ. ಆಡಬೇಕಾದ ದವಾಖಾನೆಯಲ್ಲೂ ಆಡಲಿಲ್ಲ, ಇಲ್ಲೂ ಆಡಲಿಲ್ಲ. ನಡುವೆ ಹಾಲಿಗೋಸ್ಕರ ಮಾತ್ರ ಆಡಿದೆ.

"ನನ್ನ ಕೈ ಜಾರಿತ್ರೀ," ಅಂದಳು ಅಕ್ಕ.

ಅಯ್ಯನವರು ಮಠಕ್ಕೆ ಹೋಗಿ ಬೇರೆ ಲಿಂಗ ತರಲು ಎರಡು ದಿನ ಬೇಕು ಅಂದರು. ಆ ಎರಡು ದಿನ ಅಕ್ಕ ದೇವರ ಕೋಣೆಯ ಮೂಲೆಯಲ್ಲಿ ಒದ್ದೆ ಸೀರೆ ಹೊದ್ದು ಕೂತಳು. ಒಂದು ಹನಿ ನೀರು ಕುಡಿಯಲಿಲ್ಲ. ಅತ್ತೆ ಒಂದು ಕಟುಮಾತು ಆಡಲಿಲ್ಲ. ತಾವೂ ಉಪವಾಸ ಕೂತರು. "ನನ್ನ ಸೊಸಿ ಹಸಗೊಂಡು ಕೂತಾಗ ನನಗ್ಯಾತರ ಊಟ," ಅಂದರು. ನಾನು ಉಂಡೆ. ಎದೆಹಾಲಿನ ಕೂಸು ಇದೆ, ಉಣ್ಣಲೇಬೇಕು ಎಂದು ಅತ್ತೆಯೇ ಗದರಿ ಉಣ್ಣಿಸಿದರು. ಆ ಎರಡು ದಿನದ ರೊಟ್ಟಿಯ ರುಚಿ ನನಗೆ ಈಗಲೂ ಬಾಯಿಗೆ ಬರುತ್ತದೆ.

ಮೂರನೆಯ ದಿನ ಅಯ್ಯನವರು ಬಂದು ಹೊಸ ಲಿಂಗ ಕಟ್ಟಿದರು. ಅಂಗೈ ಚಾಚವ್ವಾ ಅಂದಾಗ ಅಕ್ಕನ ಎಡಗೈ ಏಳಲಿಲ್ಲ. ಮಾತಿಲ್ಲದೆ, ಪದವಿಲ್ಲದೆ, ಕೋಣೆಯಲ್ಲಿ ಯಾರೂ ಉಸಿರೆತ್ತದೆ ಇದ್ದಾಗಲೂ ಏಳಲಿಲ್ಲ. ಆಗ ಅತ್ತೆ ಮುಂದೆ ಸರಿದು, ಸೊಸೆಯ ಕೈಯನ್ನು ಎತ್ತಿ, ಅದರ ಕೆಳಗೆ ತಮ್ಮ ಅಂಗೈ ಇಟ್ಟರು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು ನಿಜ, ಆದರೆ ಕೈ ಹಿಡಿಯಬಾರದು ಎಂದು ಯಾರೂ ಹೇಳಿಲ್ಲವಲ್ಲ ಅಂದರು. ಅಯ್ಯನವರು ಸುಮ್ಮನೆ ತಲೆಯಾಡಿಸಿದರು. ಅಂದಿನಿಂದ ದಿನಾ ಬೆಳಿಗ್ಗೆ ಅಕ್ಕನ ಪೂಜೆ ಹಾಗೆಯೇ ನಡೆಯಿತು.

ಬಿದ್ದದ್ದಕ್ಕೂ ಉಪವಾಸಕ್ಕೂ ಕೈ ಹೋದದ್ದಕ್ಕೂ ಸಂಬಂಧ ಹೇಳಲಾಗದು, ಆ ರೋಗ ಹಾಗೆಯೇ ಏರುವುದು ಎಂದು ರಾಯಚೂರಿನ ಹುಡುಗಿ ಹೇಳಿದಳು. ಇರಬಹುದು, ಅವಳು ಓದಿದವಳು. ನನ್ನ ಮನಸ್ಸು ಓದಿಲ್ಲ.

ಆಮೇಲೆ ಅಕ್ಕನ ಮುಂದೆ ನಾನು ಮಾತು ಬಿಟ್ಟೆ. ಊಟ ಬೇಕೇನು, ನೀರು ಬೇಕೇನು, ಅಷ್ಟೇ. ಅದನ್ನೂ ಆಕೆಯ ಕೈ ಖಾಲಿ ಇದೆಯೆಂದು ನೋಡಿಕೊಂಡು ಕೇಳುತ್ತಿದ್ದೆ. ಮೂರು ವರ್ಷದಲ್ಲಿ ಬಲಗೈಯೂ ಹೋಯಿತು, ಕಾಲೂ ಎಳೆಯತೊಡಗಿತು. ತಲೆ ಬಾಚುವುದು, ಉಣ್ಣಿಸುವುದು ನನ್ನ ಪಾಲಿಗೆ ಬಂತು. ದಢೇಸುಗೂರಿನ ಕಡೆ ಕಾಲುವೆ ನೀರು ಹರಿದು, ಮನೆಗೆ ಭತ್ತದ ಅಕ್ಕಿ ಬರತೊಡಗಿತ್ತು. ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಡುವಾಗಲೂ ನಾನು ತುಟಿ ಎರಡು ಮಾಡುತ್ತಿರಲಿಲ್ಲ.

1956ರಲ್ಲಿ ಒಂದು ಮಧ್ಯಾಹ್ನ. ಹಿತ್ತಲಿನ ಬೇವಿನ ನೆರಳಿಗೆ ಹೊರಸು ಹಾಕಿ ಆಕೆಯನ್ನು ಮಲಗಿಸಿದ್ದೆ. ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆ.

"ಏನರ ಮಾತಾಡು ಬೇ," ಅಂದಳು. ಆಗ ನಾಲಿಗೆಯೂ ಸ್ವಲ್ಪ ತೊದಲುತ್ತಿತ್ತು.

ನಾನು ಇನ್ನೊಂದು ಶೇಂಗಾ ಒಡೆದೆ.

"ಯಾಕ, ಬಾಯಿ ಮಸ್ಕಿಗೆ ಕಳಿಸೀಯೇನು?"

"ಬ್ಯಾಡಕ್ಕಾ. ನನ್ನ ಮಾತು ಬ್ಯಾಡ ನಿನಗ."

"ಇನ್ನೇನು ಬೀಳೂದೈತಿ ಈ ಕೈಯಾಗಿಂದ?" ಅಂದಳು. "ಮಾತಾಡು."

ನನಗೆ ತಡೆಯಲಾಗಲಿಲ್ಲ. ಮೊರ ಸರಿಸಿ ಹೊರಸಿನ ಅಂಚಿಗೆ ತಲೆಯಿಟ್ಟು ಅತ್ತುಬಿಟ್ಟೆ. "ನಾ ಕೇಳಿದ್ದಕ್ಕ ಬಿತ್ತಕ್ಕಾ. ಅಯ್ಯನವರ ಮುಂದ ಹೇಳಲಿಲ್ಲ ನಾ. ಮೂರು ವರ್ಷ ಹೇಳಲಿಲ್ಲ."

"ಗೊತ್ತೈತಿ." ನನ್ನ ತಲೆಯ ಮೇಲೆ ಕೈಯಿಡಲು ನೋಡಿದಳು, ಆಗಲಿಲ್ಲ. "ಅವತ್ತು ನಾ ಏನು ಹೇಳಾಕ ಬಾಯಿ ತೆಗದಿದ್ನಿ, ಗೊತ್ತೈತೇನು ನಿನಗ?"

"ಇಲ್ಲ."

"ಹಾಲು ಇಳಿಸೀನಿ, ಅಂತ."

ಇಳಿಸಿದ್ದಳು, ನನಗೆ ಗೊತ್ತಿತ್ತು. ಅವತ್ತು ಸಂಜೆ ಅಡಿಗೆಮನೆಗೆ ಹೋದಾಗ ನೋಡಿದ್ದೆ. ಒಲೆಯ ಪಕ್ಕದಲ್ಲಿ ಹಾಲಿನ ಪಾತ್ರೆ ಮುಚ್ಚಿಟ್ಟಿತ್ತು, ಮೇಲೆ ಕೆನೆ ಕಟ್ಟಿತ್ತು. ಪೂಜೆಗೆ ಬರುವ ಮೊದಲೇ ಆಕೆ ಇಳಿಸಿಟ್ಟು ಬಂದಿದ್ದಳು. ಉಕ್ಕಿದ್ದು ಒಲೆಯ ಕಲ್ಲಿನ ಮೇಲೆ ನಾಲ್ಕು ಹನಿ, ಸೀದದ್ದು ಅಷ್ಟೇ.

ನಾನು ಕಣ್ಣೊರೆಸಿಕೊಂಡು ಆಕೆಯ ಎಡಗೈಯನ್ನು ನನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡೆ. "ನಿಮ್ಮ ತವರಮನಿಯಾಗ ಎಮ್ಮಿ ಈಗ ಎಷ್ಟು ಅದಾವಕ್ಕಾ?" ಎಂದು ಕೇಳಿದೆ. ಆಕೆ ಹೇಳತೊಡಗಿದಳು, ನಾನೂ ನಡುವೆ ಬಾಯಿ ಹಾಕಿದೆ, ದೀಪ ಹಚ್ಚುವ ಹೊತ್ತಾಯಿತೆಂದು ಅತ್ತೆ ಬಂದು ಕರೆಯುವ ತನಕ ಇಬ್ಬರೂ ಮಾತಾಡಿದೆವು.